ಹೊಸ ಹಲ್ಲು, ಕೌದಿಯ ಕಡೇ ದಾರ

ಕರಜಗಿಯ ಗುರುಶಾಂತಮ್ಮನಿಗೆ ಮೂರು ಕೈ ಎಂದು ಓಣಿಯವರು ನಗುತ್ತಿದ್ದರು. ಮೂರನೆಯ ಕೈ ಎಂದರೆ ಅವಳ ಹಲ್ಲು. ಗೋಣಿಚೀಲದ ಬಾಯಿ ಬಿಚ್ಚುವುದು, ಹಗ್ಗದ ಗಂಟು ಸಡಿಲಿಸುವುದು, ಕಬ್ಬಿನ ಸಿಪ್ಪೆ ಸುಲಿಯುವುದು, ಸೋಡಾ ಬಾಟಲಿಯ ಮುಚ್ಚಳ ಹಾರಿಸುವುದು ಎಲ್ಲ ಆ ಕೈಯ ಕೆಲಸ. ಎಲ್ಲಕ್ಕಿಂತ ಹೆಚ್ಚಿನದು ದಾರ. ಹಳೆಯ ಸೀರೆ, ಧೋತರ, ಅಂಗಿಗಳ ತುಂಡು ಜೋಡಿಸಿ ಅವಳು ಹೊಲಿಯುವ ಕೌದಿಗೆ ಅಫಜಲಪುರದಿಂದಲೂ ಜನ ಹೇಳಿಕಳಿಸುತ್ತಿದ್ದರು. ಹೊಲಿಯಲು ಕೂತಳೆಂದರೆ ಸೂಜಿ ಓಡುತ್ತಿತ್ತು, ಸಾಲು ಮುಗಿದಲ್ಲಿ ತಲೆ ಬಗ್ಗುತ್ತಿತ್ತು, ಕಟಕ್ಕೆಂದು ದಾರ ತುಂಡಾಗುತ್ತಿತ್ತು. ಕತ್ತರಿ ಎಂಬ ವಸ್ತು ಆ ಮನೆಯಲ್ಲಿ ತುಕ್ಕು ಹಿಡಿದು ಕೂತಿತ್ತು.

ಇಷ್ಟು ಗಟ್ಟಿ ಹಲ್ಲನ್ನು ಅವಳು ನಕ್ಕು ತೋರಿಸಿದ್ದು ಮಾತ್ರ ಯಾರೂ ಕಾಣರು. ಚಿಕ್ಕಂದಿನಲ್ಲಿ, ತವರು ಸರಸಂಬಾದ ಹೊಲದ ಕೈಪಂಪಿನ ನೀರು ಕುಡಿದು ಮುಂದಿನ ಹಲ್ಲಿಗೆಲ್ಲ ಕಂದು ಪಟ್ಟೆ ಬಿದ್ದಿದ್ದವು. ನಗು ಬಂತೋ, ಸೆರಗು ಬಾಯಿಗೆ ಹೋಗುತ್ತಿತ್ತು. ಮದುವೆಯ ಫೋಟೋದಲ್ಲಿ ಗಂಡ ಶಾಂತಲಿಂಗಪ್ಪ ಹಲ್ಲು ಕಿರಿದು ನಿಂತಿದ್ದರೆ, ಅವಳು ತುಟಿ ಹೊಲಿದವಳಂತೆ ನಿಂತಿದ್ದಾಳೆ.

ಸೊಸೆ ಜಯಮಾಲಾ ಜೇವರ್ಗಿಯಲ್ಲಿ ಹುಟ್ಟಿ, ಕಲಬುರಗಿಯಲ್ಲೂ ಪುಣೆಯಲ್ಲೂ ಓದಿದವಳು. ಓದು ಅವಳಿಗೆ ಬುದ್ಧಿ ಕೊಟ್ಟಿತೋ ಇಲ್ಲವೋ, ಅಂಜಿಕೆಯನ್ನಂತೂ ಧಾರಾಳವಾಗಿ ಕೊಟ್ಟಿತ್ತು. ಹೆಣ್ಣುಕೂಸು ಹುಟ್ಟಿದ ಮೇಲಂತೂ ಕೇಳುವುದೇ ಬೇಡ. ಕೂಸು ಸೀನಿದರೆ ಮೊಬೈಲು ತೆಗೆದಳು, ಸೀನದಿದ್ದರೆ ಯಾಕೆ ಸೀನಲಿಲ್ಲವೆಂದು ತೆಗೆದಳು. ಬಾಣಂತನಕ್ಕೆ ತವರಿನಲ್ಲಿದ್ದಾಗ ಒಂದು ದಿನ ಗುರುಶಾಂತಮ್ಮ ಮೊಮ್ಮಗಳನ್ನು ನೋಡಲು ಜೇವರ್ಗಿಗೆ ಬಂದಳು. ಕೂಸು ನೀಲಾ ಆಗಷ್ಟೇ ನಗು ಕಲಿತಿತ್ತು. ತಾತನನ್ನು ನೋಡಿ ನಕ್ಕಿತು, ಹಾಲಿನವನನ್ನು ನೋಡಿ ನಕ್ಕಿತು, ತಿರುಗುವ ಫ್ಯಾನನ್ನೂ ನೋಡಿ ನಕ್ಕಿತು. ಅಜ್ಜಿಯ ತೊಡೆಯ ಮೇಲೆ ಮಾತ್ರ ಸುಮ್ಮನೆ ಪಿಳಿಪಿಳಿ. ಅಜ್ಜಿ ನಕ್ಕಾಗಲೆಲ್ಲ ಬಾಯಿಗೆ ಸೆರಗು. ಕೂಸು ಆ ಸೆರಗಿನ ಅಂಚನ್ನೇ ದಿಟ್ಟಿಸಿ ನೋಡುತ್ತಿತ್ತು.

ಜಯಮಾಲಾಳ ಬಾಯಿಂದ ಜಾರಿಬಿಟ್ಟಿತು. "ಅತ್ತೀ, ಕೂಸು ಮಾರಿ ನೋಡಿ ನಗೋದು ಕಲೀತದ. ನೀವು ಬಾಯಿ ಮುಚ್ಚಿಕೊಂಡ್ರ ನೀವು ನಗಾಕತ್ತೀರಿ ಅಂತ ಅದಕ್ಕ ಹ್ಯಾಂಗ ತಿಳೀಬೇಕು?"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಗುರುಶಾಂತಮ್ಮ ಮರುದಿನ ಮುಂಜಾನೆ ಚಹಾ ಕುಡಿದು ಕಪ್ಪು ಕೆಳಗಿಟ್ಟವಳೇ ಕೇಳಿದಳು, "ನಿಮ್ಮ ಓಣ್ಯಾಗ ಹಲ್ಲಿನ ಡಾಕ್ಟರ್ ಬಾಯಿ ಒಬ್ಬಾಕಿ ಅದಾಳಲ್ಲ, ಆಕಿ ದವಾಖಾನಿ ಎಷ್ಟೊತ್ತಿಗೆ ತೆಗೀತಾಳ?"

ಡಾಕ್ಟರ್ ಸರ್ವರಬೇಗಂ ಗುರುಶಾಂತಮ್ಮನ ಬಾಯಿಯೊಳಗೆ ದೀಪ ಹಿಡಿದು ಬಹಳ ಹೊತ್ತು ನೋಡಿದರು.

"ಹಲ್ಲು ಫೌಲಾದ, ಉಕ್ಕು ಇದ್ದಂಗ ಅದಾವ್ರೀ ಅಮ್ಮಾ. ಬಣ್ಣ ಅಷ್ಟೇ ಕೆಟ್ಟಾದ. ಮುಂದಿನ ಹಲ್ಲಿಗೆ ವಿನಿಯರ್ ಹಾಕಬಹುದು. ಪಿಂಗಾಣಿದು, ಉಗುರಿನಷ್ಟ ತೆಳು ಚಿಪ್ಪು. ಖರೇ ಮಾತು ಮೊದಲ ಹೇಳ್ತೇನಿ ಕೇಳ್ರಿ. ಚಿಪ್ಪು ಕೂಡಾಕ ಹಲ್ಲಿನ ಮ್ಯಾಲಿನ ಪದರ ಜರಾ ಕೆತ್ತಬೇಕಾಗ್ತದ. ಕೆತ್ತಿದ್ದು ತಿರುಗಿ ಬೆಳಿಯಂಗಿಲ್ಲ. ಒಮ್ಮೆ ಹಾಕಿದ್ರ ಮುಂದ ಸದಾ ಬೇಕು."

"ಅಂದ್ರ ಹಲ್ಲಿಗೆ ತೇಪಿ."

ಡಾಕ್ಟರು ನಕ್ಕರು. "ತೇಪೀನೇ ಅನ್ರಿ."

"ಎಷ್ಟು ದಿನ ತಾಳ್ತದ?"

"ಹತ್ತು ಹದಿನೈದು ವರ್ಷ. ಜ್ವಾಕಿ ಮಾಡಿದ್ರ ಇನ್ನೂ ನಾಕು ವರ್ಷ ಹೆಚ್ಚು. ಜ್ವಾಕಿ ಮಾಡ್ಲಿಲ್ಲಂದ್ರ ಬರೋ ಸಂಕ್ರಮಣಕ್ಕೇ ಚಿಪ್ಪು ಕೈಗೆ ಬರ್ತದ. ಪಿಂಗಾಣಿ ಅಲ್ಲದ್ದೂ ಒಂದು ನಮೂನಿ ಇರ್ತದ, ಕಾಂಪೊಸಿಟ್ ಅಂತ. ಅದು ಐದಾರು ವರ್ಷ, ಚಾದ ಬಣ್ಣ ಜಲ್ದಿ ಹಿಡೀತದ."

"ಪಿಂಗಾಣಿದೇ ಇರ್ಲಿ. ಕೂಸು ಹತ್ತನೇತ್ತ ಪಾಸ್ ಆಗೋತನಕ ನಡೀತದ. ಆಕಿ ಮದುವಿಗೆ ಮತ್ತೊಂದು ಜೋಡಿ ಹಾಕಿಕೊಂಡ್ರಾತು."

ಜೊತೆಗೆ ಬಂದಿದ್ದ ಜಯಮಾಲಾಳ ಪ್ರಶ್ನೆಗಳು ಇನ್ನೂ ಶುರುವಾಗಿರಲಿಲ್ಲ. ಶುರುವಾದ ಮೇಲೆ ನಿಲ್ಲಲಿಲ್ಲ. ಬಿಸಿ ಚಹಾ ಕುಡಿದರೆ ಬಿರುಕು ಬಿಡುತ್ತದೆಯೇ, ನಿದ್ದೆಯಲ್ಲಿ ಬಿದ್ದು ಗಂಟಲಿಗೆ ಇಳಿದರೆ, ಕೂಸು ಕೈಯಿಂದ ಹೊಡೆದರೆ, ಒಳಗಿನ ಹಲ್ಲು ಕೊಳೆತರೆ? ಡಾಕ್ಟರು ಬೇಸರವಿಲ್ಲದೆ ಹೇಳಿದರು. ಚಹಾಕ್ಕೆ ಏನೂ ಆಗದು. ನಿದ್ದೆಯಲ್ಲಿ ಹಲ್ಲು ಕಡಿಯುವ ರೂಢಿಯಿದ್ದರೆ ಒಂದು ಕವಚ ಮಾಡಿಕೊಡುವೆ. ಚಿಪ್ಪು ಕಳಚಿದರೆ ಅಂಗಡಿಯ ಅಂಟು ತಂದು ನೀವೇ ಹಚ್ಚಬೇಡಿ, ಡಬ್ಬಿಯಲ್ಲಿಟ್ಟು ತನ್ನಿ. ಆರು ತಿಂಗಳಿಗೊಮ್ಮೆ ಬಂದು ತೋರಿಸಿ.

"ಚಿಪ್ಪಿಗೆ ಹುಳ ಹತ್ತಂಗಿಲ್ಲ," ಎಂದರು, "ಒಳಗಿನ ಹಲ್ಲಿಗೆ ಹತ್ತತದ. ಅದೂ ಅಂಚಿನಿಂದ, ಒಸಡಿನ ಹತ್ರ. ಅಂಚು ಸ್ವಚ್ಛ ಇಡ್ರಿ."

"ಕೌದೀನೂ ಅಂಚಿನಿಂದನ ಹರೀತದ್ರಿ," ಎಂದಳು ಗುರುಶಾಂತಮ್ಮ.

"ಹಂಗಾದ್ರ ನಿಮಗ ನಾ ಹೇಳೋದೇನದ. ಮೆತ್ತನ ಬ್ರಷು. ಉಪ್ಪು, ಬೂದಿ, ಇದ್ದಿಲಿಲೆ ತಿಕ್ಕೋದು ಬಂದ್. ಮಿಶ್ರಿ ಬಂದ್."

ಹುರಿದ ತಂಬಾಕಿನ ಆ ಕರಿ ಪುಡಿಯ ಹೆಸರು ಬಂದೊಡನೆ ಗುರುಶಾಂತಮ್ಮನ ಕೈ ಸೊಂಟದ ಚಂಚಿಗೆ ಹೋಯಿತು. ಡಾಕ್ಟರು ಕಂಡೂ ಕಾಣದಂತೆ ಮುಂದುವರಿಸಿದರು. "ಮತ್ತ ಹಲ್ಲು ಊಟಕ್ಕಷ್ಟೇ. ಇಕ್ಕಳ ಅಲ್ಲ, ಕತ್ತರಿ ಅಲ್ಲ. ಕಬ್ಬು, ಗಂಟು, ಮುಚ್ಚಳ, ದಾರ, ಯಾವದೂ ಮುಂದಿನ ಹಲ್ಲಿಗೆ ಕೊಡಬ್ಯಾಡ್ರಿ."

ಮಿಶ್ರಿಗೆ ಹೂಂ ಎಂದವಳು, ಕಬ್ಬಿಗೂ ಹೂಂ ಎಂದವಳು, ದಾರದ ಹೆಸರಿಗೆ ಮಾತ್ರ ಮುಖ ಸಣ್ಣಗೆ ಮಾಡಿಕೊಂಡಳು. ಅದು ಯಾಕೆಂದು ಜಯಮಾಲಾಳಿಗೆ ಆಗ ತಿಳಿಯಲಿಲ್ಲ.

ಅಳತೆ ಕೊಟ್ಟು, ತಾತ್ಕಾಲಿಕ ಹಲ್ಲು ಹಾಕಿಕೊಂಡು, ಕೊನೆಗೆ ನಿಜವಾದ ಚಿಪ್ಪು ಕೂತ ದಿನ ಡಾಕ್ಟರು ಕನ್ನಡಿ ಕೊಟ್ಟರು. ಗುರುಶಾಂತಮ್ಮ ಕನ್ನಡಿಯನ್ನು ತುಸು ದೂರ ಹಿಡಿದಳು, ಹತ್ತಿರ ತಂದಳು, ಮೆಲ್ಲಗೆ ತುಟಿ ಬಿಚ್ಚಿದಳು. "ಇವು ನನ್ನವೇನ್ರಿ?" ಎಂದಳು. ಮರುಕ್ಷಣ ಸೆರಗು ಬಾಯಿಗೆ ಹೋಯಿತು.

ಜಯಮಾಲಾ ಕೂಸಿನೊಂದಿಗೆ ಕರಜಗಿಗೆ ಬಂದ ಮೇಲೆ ಹಲ್ಲಿನ ಪಹರೆ ಶುರುವಾಯಿತು. ಅತ್ತೆಯ ರೊಟ್ಟಿಯನ್ನು ಸೊಸೆಯೇ ಮುರಿದು ಸಾರಿನಲ್ಲಿ ನೆನೆಸಿದಳು. ಕಬ್ಬನ್ನು ಗಂಡ ಸುನೀಲಕುಮಾರನಿಂದ ಕುಡುಗೋಲಿನಲ್ಲಿ ಸುಲಿಸಿ, ಬೆರಳುದ್ದ ಸೀಳಿಸಿ ತಟ್ಟೆಯಲ್ಲಿಟ್ಟು ಕೊಟ್ಟಳು. ಮಿಶ್ರಿ ಡಬ್ಬಿ ಬದಲಿಗೆ ಚಂಚಿಯೊಳಗೆ ಸೋಂಪು ಬಂತು. ಆದರೂ ಹೊಲಿಯುವಾಗ ತಲೆ ತಾನಾಗಿ ಬಗ್ಗುತ್ತಿತ್ತು, ದಾರ ತಾನಾಗಿ ತುಟಿಗೆ ಬರುತ್ತಿತ್ತು. ಜಯಮಾಲಾ ಅಡುಗೆಮನೆಯಿಂದಲೇ "ಅತ್ತೀ" ಎಂದು ಕೂಗುತ್ತಿದ್ದಳು. ಕೊನೆಗೆ ಒಂದು ಸಣ್ಣ ಕತ್ತರಿಗೆ ಲಾಡಿ ಪೋಣಿಸಿ ಅತ್ತೆಯ ಕೊರಳಿಗೇ ಹಾಕಿದಳು.

"ನಾ ಏನು ಎಮ್ಮಿ ಆಗೇನೇನು, ಕೊರಳಾಗ ಗಂಟಿ ಕಟ್ಟಾಕ?"

ಕಟ್ಟೆಯ ಮೇಲಿದ್ದ ಶಾಂತಲಿಂಗಪ್ಪ ಬಿಡುತ್ತಾನೆಯೇ? "ಇರ್ಲಿ ಬಿಡು. ಎಮ್ಮಿ ಕಳದ್ರ ಗಂಟಿ ಸಪ್ಪಳಾ ಹಿಡದು ಹುಡುಕಬಹುದು. ನೀ ಕಳದ್ರ ನಾ ಎಲ್ಲಿ ಹುಡುಕ್ಲಿ?"

ಎಲ್ಲ ಸರಿ. ಸೆರಗು ಮಾತ್ರ ಬಾಯಿ ಬಿಡಲಿಲ್ಲ. ಜನ್ಮದ ರೂಢಿ. ಒಳಗೆ ಮಲ್ಲಿಗೆಮೊಗ್ಗಿನಂಥ ಹಲ್ಲಿದ್ದರೂ ನಗು ಬಂದರೆ ಕೈ ಏಳುತ್ತಿತ್ತು. ನೀಲಾ ಈಗ ಕೂರಲು ಕಲಿತಿತ್ತು, ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿತ್ತು, ಜೊಲ್ಲು ಸುರಿಸಿ ಜಯಮಾಲಾಳ ಜೀವ ತಿನ್ನುತ್ತಿತ್ತು. ಆದರೆ ಅಜ್ಜಿಯನ್ನು ನೋಡಿ ಒಮ್ಮೆಯೂ ನಕ್ಕಿರಲಿಲ್ಲ. ಅಜ್ಜಿ ಹೊಲಿಗೆಯ ಮೇಲೆ ಕಣ್ಣಿಟ್ಟು, "ದೊಡ್ಡಾಕಿ ಆದ ಮ್ಯಾಲ ನಗ್ತಾಳ ಬಿಡು" ಎನ್ನುತ್ತಿದ್ದಳು. ಹಾಗೆನ್ನುವಾಗ ಸೂಜಿ ತುಸು ಹೆಚ್ಚು ಜೋರಾಗಿ ಇಳಿಯುತ್ತಿತ್ತು.

ಅವಳು ಹೊಲಿಯುತ್ತಿದ್ದದ್ದು ನೀಲಾಳ ಕೌದಿ. ತನ್ನ ಮದುವೆ ಸೀರೆಯ ಸೆರಗು ಅದರ ನಡುವಿಗೆ ಬಂದಿತ್ತು. ಸುತ್ತಲೂ ಸುನೀಲನ ಶಾಲೆಯ ಅಂಗಿ, ಶಾಂತಲಿಂಗಪ್ಪನ ರುಮಾಲು, ಜಯಮಾಲಾ ಪುಣೆಯಲ್ಲಿ ತೊಡುತ್ತಿದ್ದ ಚೂಡಿದಾರ. ಅದು ಮುಗಿಯುವ ದಿನ ಹತ್ತಿರ ಬಂದಾಗ ಪಕ್ಕದ ಮನೆಯ ಮಾಣಿಕಮ್ಮ ಬಂದು, ಕೊರಳ ಕತ್ತರಿ ನೋಡಿ ತುಟಿ ವಕ್ರ ಮಾಡಿದಳು.

"ಕಡೇ ದಾರಕ್ಕೂ ಇದನ್ನ ಹಾಕ್ತೀಯೇನ ಬೇ?"

"ಹಾಕಿದ್ರ ಏನಾಗ್ತದ?" ಎಂದಳು ಜಯಮಾಲಾ.

"ಕೂಸಿನ ಕೌದಿ ಕಡೇ ದಾರಕ್ಕ ಕಬ್ಬಣ ತಾಕಸಬಾರ್ದವ್ವ. ಮನಿ ಹೆಣ್ಣಮಗಳು ಗಂಟಿನ ಬುಡಕ್ಕ ಹಲ್ಲಿನಿಂದ ಕಡೀಬೇಕು. ಅದು ಕೂಸಿನ ಆಯುಷ್ಯ ಇದ್ದಂಗ. ಆಯುಷ್ಯಕ್ಕ ಯಾರರ ಕತ್ತರಿ ಹಾಕ್ತಾರೇನು?"

ಗುರುಶಾಂತಮ್ಮ ತಲೆ ಎತ್ತಲಿಲ್ಲ. ದವಾಖಾನೆಯಲ್ಲಿ ಅತ್ತೆಯ ಮುಖ ಯಾಕೆ ಸಣ್ಣಗಾಯಿತೆಂದು ಜಯಮಾಲಾಳಿಗೆ ಈಗ ಹೊಳೆಯಿತು.

ಇಂಥದನ್ನೆಲ್ಲ ಅವಳು ನಂಬುವವಳಲ್ಲ. ವಿಜ್ಞಾನ ಓದಿದವಳು. ಆದರೆ "ಕತ್ತರಿಯೇ ಹಾಕಿರಿ" ಎಂದು ತನ್ನ ಬಾಯಿಂದ, ತನ್ನ ಕೂಸಿನ ವಿಷಯಕ್ಕೆ, ಹೇಳಲು ಹೋದರೆ ನಾಲಿಗೆ ಏಳಲಿಲ್ಲ. ಹಿತ್ತಲಿಗೆ ಹೋಗಿ ಡಾಕ್ಟರಿಗೆ ಫೋನು ಮಾಡಿದಳು. ಒಂದೇ ಒಂದು ಸಲ ಕಚ್ಚಿದರೆ?

"ಏನೂ ಆಗಲಿಕ್ಕಿಲ್ಲ, ಆಗಲೂಬಹುದು," ಎಂದರು ಸರ್ವರಬೇಗಂ. "ಕೌದಿ ದಾರ ದಪ್ಪ ಇರ್ತದ. ಜಗ್ಗಿ ಕಡದ್ರ ಚಿಪ್ಪಿನ ಮೂಲಿ ಹಾರ್ತದ. ದವಡಿ ಹಲ್ಲಿನಿಂದ ಕಡೀಲಿ."

ದವಡೆ ಹಲ್ಲು ಗಂಟಿನ ಬುಡಕ್ಕೆ ಮುಟ್ಟುವುದಿಲ್ಲವಲ್ಲ! ಮುಂದಿನ ಹಲ್ಲಿಗಾಗಿ ಅತ್ತೆ ಪಟ್ಟ ಪಾಡು ಕಣ್ಣ ಮುಂದಿತ್ತು. ಮೂಲೆ ಹಾರಿದರೆ ಸೆರಗು ಇನ್ನು ಈ ಜನ್ಮದಲ್ಲಿ ಇಳಿಯದು.

ಕೌದಿ ಮುಗಿಯುವ ದಿನ ಅಂಗಳದಲ್ಲಿ ಓಣಿಯ ಹೆಂಗಸರೆಲ್ಲ ಸುತ್ತ ಕೂತರು. ಕೌದಿ ಹೊಲದಂತೆ ಹರಡಿತ್ತು. ಜಯಮಾಲಾ ನೀಲಾಳನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆಯ ಎದುರಿಗೇ ಕೂತಿದ್ದಳು. ಗುರುಶಾಂತಮ್ಮ ಕಡೇ ಮೂಲೆಗೆ ಕಡೇ ಹೊಲಿಗೆ ಹಾಕಿದಳು. ಗಂಟು ಬಿಗಿದಳು. ಕೆಂಪು ದಾರವನ್ನು ಬಲಗೈಯಲ್ಲಿ ಜಗ್ಗಿ, ಎಡಗೈಯಲ್ಲಿ ಕೌದಿ ಬಿಗಿಹಿಡಿದು, ಕೊರಳ ಕತ್ತರಿಯನ್ನು ಒಮ್ಮೆ ನೋಡಿದಳು. ಸೊಸೆಯನ್ನು ಒಮ್ಮೆ ನೋಡಿದಳು. "ಹೋದ್ರ ಹೋಗ್ಲಿ," ಎಂದು ತಲೆ ಬಗ್ಗಿಸಿದಳು.

"ತಡೀರಿ ಅತ್ತೀ."

"ಕತ್ತರಿ ಮಾತು ತೆಗೀಬ್ಯಾಡ," ಎಂದಳು ಮಾಣಿಕಮ್ಮ.

"ಕತ್ತರಿ ಅಂತ ಯಾರಂದ್ರು? ಮನಿ ಹೆಣ್ಣಮಗಳು ಕಡೀಬೇಕು ಅಂದ್ರಲ್ಲ. ನಾ ಈ ಮನಿಯಾಕಿ ಅಲ್ಲೇನು? ನೀವು ಎರಡೂ ಕೈಲೆ ಬಿಗಿ ಹಿಡೀರಿ ಅತ್ತೀ, ನಾ ಕಡೀತೇನಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಣಿಕಮ್ಮ ಗಲ್ಲಕ್ಕೆ ಕೈ ಹಚ್ಚಿ ಯೋಚಿಸಿ, "ಶಾಸ್ತ್ರದಾಗ ಸೊಸಿ ಅಂದ್ರ ಮನಿ ಹೆಣ್ಣ ಖರೇ," ಎಂದು ಒಪ್ಪಿದಳು. "ಆದ್ರ ಈ ಪುಣೇ ಹಲ್ಲಿಗೆ ಕಡೀತದೇನು?"

ಕಡಿಯಲಿಲ್ಲ. ಜಯಮಾಲಾ ಬಗ್ಗಿ, ಕೂಸಿನ ತಲೆಯ ಮೇಲಿನಿಂದ ಕತ್ತು ಚಾಚಿ, ದಾರಕ್ಕೆ ಹಲ್ಲು ಹಾಕಿದಳು. ಅದು ಜಾರಿತು. ಮತ್ತೆ ಹಿಡಿದಳು. ಒದ್ದೆಯಾಯಿತು, ಚಪ್ಪಟೆಯಾಯಿತು, ತುಂಡಾಗಲಿಲ್ಲ. ಕಣ್ಣು ಮುಚ್ಚಿ, ಮೂಗು ಸುಕ್ಕಿಸಿ, ಆ ಕಡೆ ಈ ಕಡೆ ತಲೆ ಜಾಡಿಸಿದಳು.

"ದಾರಾ ಕಡೀರೀ ಬಾಯಿ, ದಾರಾ. ಕರು ದಾವಣಿ ಹಗ್ಗ ಮೆದ್ದಂಗ ಮೆಲ್ಲಾಕತ್ತೀರಲ್ಲ," ಎಂದಳು ಹಿಂದಿನಿಂದ ಯಾರೋ ಒಬ್ಬಳು.

ಗುರುಶಾಂತಮ್ಮನಿಗೆ ನಗು ಉಕ್ಕಿಬಂತು. ತಡೆದಳು, ತಡೆಯಲಾಗಲಿಲ್ಲ. ಒಂದು ಕೈಯಲ್ಲಿ ದಾರ, ಒಂದು ಕೈಯಲ್ಲಿ ಕೌದಿ. ಬಿಟ್ಟರೆ ಗಂಟು ಸಡಿಲು. ಸೆರಗು ಎಂದೋ ಹೆಗಲಿಂದ ಜಾರಿತ್ತು. ಮುಚ್ಚಿಕೊಳ್ಳಲು ಕೈಯೇ ಇಲ್ಲ. ಅವಳು ತಲೆ ಹಿಂದಕ್ಕೆ ಒಗೆದು, ಬಾಯಿ ತುಂಬ, ಹಲ್ಲು ತುಂಬ ನಕ್ಕಳು. ಕಟ್ಟೆಯ ಮೇಲಿದ್ದ ಶಾಂತಲಿಂಗಪ್ಪ ಎದ್ದು ನಿಂತ.

ನೀಲಾ ತಲೆ ಎತ್ತಿ ನೋಡಿತು. ದಿಟ್ಟಿಸಿತು. ತುಟಿ ಒಂದಿಷ್ಟು ನಡುಗಿತು, ಇನ್ನೇನು ಅಳುತ್ತದೆ ಎನ್ನುವಷ್ಟರಲ್ಲಿ ಬಾಯಿ ಅಗಲವಾಗಿ ತೆರೆದು ಕೇಕೆ ಹಾಕಿ ನಕ್ಕಿತು. ಅಜ್ಜಿ ಇನ್ನಷ್ಟು ನಕ್ಕಳು, ಕೂಸು ಇನ್ನಷ್ಟು. ಆ ಬಾಯಿಯ ಕೆಳಗಿನ ಒಸಡಿನಲ್ಲಿ, ನೆಲ್ಲು ಸುಲಿದ ಅಕ್ಕಿನುಚ್ಚಿನಂತೆ ಒಂದು ಬಿಳಿ ಚುಕ್ಕೆ.

"ಹಲ್ಲು," ಎಂದಳು ಗುರುಶಾಂತಮ್ಮ ಮೆಲ್ಲಗೆ. "ಜಯಮಾಲಾ, ಹಲ್ಲು ಬಂದಾದ ನೋಡು."

ಗಾಬರಿಗೋ ಸಂತೋಷಕ್ಕೋ ಜಯಮಾಲಾಳ ದವಡೆ ಬಿಗಿಯಿತು. ಕಟಕ್. ದಾರ ಗಂಟಿನ ಬುಡಕ್ಕೆ ತುಂಡಾಗಿತ್ತು.

"ಕೆಳಗಿಂದ ಮೊದಲ ಬಂದಾದ," ಎಂದು ಮಾಣಿಕಮ್ಮ ಬಗ್ಗಿ ನೋಡಿದಳು. "ಸೋದರಮಾವಗ ಕಾಟ ಇಲ್ಲ."

ಜಯಮಾಲಾ ಆಗಲೇ ಮೊಬೈಲಿಗೆ ಕೈ ಹಾಕಿದ್ದಳು. "ಇವತ್ತಿನಿಂದ ಕೂಸಿಗೆ ಬೋರಿನ ನೀರು ಬ್ಯಾಡ. ನೀರು ತಪಾಸಣಿ ಮಾಡಸಬೇಕು. ಈ ಹಲ್ಲಿಗೆ ಬ್ರಷ್ ಯಾವಾಗಿಂದ? ಡಾಕ್ಟರಿಗೆ ಕೇಳಬೇಕು." ಮಾತಾಡುತ್ತಲೇ ಹಲ್ಲಿನ ಸಂದಿಗೆ ಸಿಕ್ಕ ಕೆಂಪು ಎಳೆಯನ್ನು ನಾಲಿಗೆಯಿಂದ ಹುಡುಕುತ್ತಿದ್ದಳು.

ಗುರುಶಾಂತಮ್ಮನ ಎರಡೂ ಕೈ ಈಗ ಖಾಲಿಯಾಗಿದ್ದವು. ಅವು ಬಾಯಿಗೆ ಹೋಗಲಿಲ್ಲ. ಕೊರಳಿನ ಕತ್ತರಿ ತೆಗೆದು ಸೊಸೆಯ ಕೊರಳಿಗೆ ಹಾಕಿದವು.

"ಈ ಗಂಟಿ ಇನ್ನ ಮುಂದ ನಿನಗ," ಎಂದಳು. "ನಿನ್ನವು ಹುಟ್ಟಿದ ಹಲ್ಲು, ತೇಪಿ ಇಲ್ಲ, ಜ್ವಾಕಿ ಮಾಡ್ಕೋ." ಮತ್ತೆ ಮೊಮ್ಮಗಳ ಕಡೆ ತಿರುಗಿ, ಅದು ನಗುವವರೆಗೆ ಕಾಯದೆ, ಇನ್ನೊಮ್ಮೆ ನಕ್ಕಳು.