ಬಾಗಿಲು ಕಳೆಯಲು ಮರೆತ ಗೋಡೆ

ಕಂಟ್ರಾಕ್ಟರರ ಆಫೀಸಿನಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಬಾಯಿಲೆಕ್ಕದಕ್ಕ ಎಂದೇ. ಮೇಜಿನ ಮೇಲೆ ಮನೆಯ ಪ್ಲಾನು ಬಿಚ್ಚಿದರೆ ಸಾಕು, ಒಮ್ಮೆ ಕಣ್ಣಾಡಿಸಿ, ತುಟಿ ಒಂಚೂರು ಅಲ್ಲಾಡಿಸಿ, ಇಷ್ಟು ಇಟ್ಟಿಗೆ, ಇಷ್ಟು ಮೂಟೆ ಸಿಮೆಂಟು ಅಂದುಬಿಡುತ್ತಿದ್ದಳು. "ಹೇಗೆ ಬಂತಕ್ಕಾ?" ಎಂದು ಕೇಳಿದವರಿಗೆ "ಬಂತು, ಬರ್ಕೊಳ್ಳಿ" ಎನ್ನುವುದೇ ಉತ್ತರ. ಅಬ್ಬಾ, ಆ ಗತ್ತು ನೋಡಬೇಕಿತ್ತು!

ಆದರೆ ಎಸ್ಟಿಮೇಟಿನ ಕೆಳಗೆ ಸಹಿ ಹಾಕುವ ಹಕ್ಕು ಆಕೆಗಿರಲಿಲ್ಲ. ಅದಕ್ಕೆ ಪರೀಕ್ಷೆ ಪಾಸು ಮಾಡಿ ಲೈಸೆನ್ಸು ಪಡೆಯಬೇಕು. ಲೆಕ್ಕವೆಲ್ಲ ಇವಳದು, ಸಹಿ ಮಾತ್ರ ಮೊನ್ನೆ ಮೊನ್ನೆ ಸೇರಿದ ಎಂಜಿನಿಯರನದು. ಪಾಪ, ಅವನು ಒಳ್ಳೆಯವನೇ. ಆದರೂ ಅವನು ಪೆನ್ನಿನ ಮುಚ್ಚಳ ತೆಗೆದಾಗಲೆಲ್ಲ ಆಕೆ ಮುಖ ಆಚೆ ತಿರುಗಿಸಿಬಿಡುತ್ತಿದ್ದಳು. ತನ್ನ ಕೆಲಸದ ಕೆಳಗೆ ತನ್ನ ಹೆಸರಿರಬೇಕು. ಆಕೆಗೆ ಬೇಕಾಗಿದ್ದದ್ದು ಅಷ್ಟೇ.

ಪರೀಕ್ಷೆ ಕಂಪ್ಯೂಟರಿನಲ್ಲಿ. ಎರಡು ಸಲ ಬರೆದಳು, ಎರಡು ಸಲವೂ ಡುಮ್ಕಿ. ಗೀಚಿಕೊಳ್ಳಲು ಹಾಳೆ ಕೊಡುತ್ತಿದ್ದರು ನಿಜ, ಆದರೆ ಎದ್ದು ಹೊರಡುವಾಗ ಅದನ್ನು ಕಸಿದು ಬುಟ್ಟಿಗೆ ಹಾಕುತ್ತಿದ್ದರು. ಈ ಮಹಾರಾಯಿತಿ ಗುಣಾಕಾರ ಭಾಗಾಕಾರವನ್ನೆಲ್ಲ ತಲೆಯಲ್ಲೋ ಆ ಹಾಳೆಯ ಮೇಲೋ ಮುಗಿಸಿ, ಕಂಪ್ಯೂಟರಿನಲ್ಲಿ ಕ್ರಮ ಬರೆಯಲೆಂದಿದ್ದ ಜಾಗವನ್ನು ಖಾಲಿ ಬಿಟ್ಟು, ಉತ್ತರವೊಂದನ್ನೇ ಒತ್ತಿ ಬರುತ್ತಿದ್ದಳು. ಒಂದು ಅಂಕಿ ಆಚೀಚೆಯಾದರೂ ಇಡೀ ಪ್ರಶ್ನೆಗೆ ಸೊನ್ನೆ, ಪಕ್ಕದಲ್ಲಿ "ಕ್ರಮ ತೋರಿಸಿಲ್ಲ" ಎಂಬ ಷರಾ.

"ಕ್ರಮವಂತೆ ಕ್ರಮ! ನಾನೇನು ಮೂರನೇ ಕ್ಲಾಸಾ?" ಎರಡನೆಯ ಫಲಿತಾಂಶ ಬಂದ ದಿನ ಮನೆಗೆ ಬಂದವಳೇ ಬ್ಯಾಗು ಬಿಸಾಕಿದಳು.

ಗಂಡ ದರ್ಜಿ. ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಮಿಷನ್ನು. ಪ್ಯಾಂಟಿನ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದವನು ತಲೆಯೆತ್ತದೆ ಕೇಳಿದ: "ತೋರ್ಸೋಕೆ ಏನೇ ಕಷ್ಟ ನಿಂಗೆ?"

"ಸುಮ್ನೆ ಟೈಮ್ ವೇಸ್ಟು ರೀ."

"ಸುಳ್ಳು ಹೇಳ್ಬೇಡ."

ಆಕೆ ಬಿಸಾಕಿದ್ದ ಬ್ಯಾಗನ್ನು ಎತ್ತಿ ಮೊಳೆಗೆ ತಗುಲಿಹಾಕಿದಳು. ಆಮೇಲೆ ಮೆಲ್ಲಗೆ, "ತೋರ್ಸಿದ್ರೆ ಎಲ್ಲಿ ಎಡವಿದೆ ಅಂತಾನೂ ಕಾಣತ್ತಲ್ಲ ರೀ. ಬರೀ ಉತ್ತರ ತಪ್ಪಾದ್ರೆ, ಏನೋ ಕೈತಪ್ಪಿ ಒತ್ತಿದೆ ಅನ್ನಬಹುದು" ಎಂದಳು.

ಹೇಳಿದ ಮೇಲೆ ಆಕೆಗೇ ನಾಚಿಕೆಯಾಯಿತು. ಇಷ್ಟು ವರ್ಷದ ಗತ್ತಿನೊಳಗೆ ಬೆಚ್ಚಗೆ ಕೂತಿದ್ದದ್ದು ಈ ಹೆದರಿಕೆ.

"ಕಾಣ್ಲಿ ಬಿಡೇ," ಎಂದ ಗಂಡ. "ಗೆರೆ ಕಂಡ್ರೆ ತಾನೇ ತಿದ್ದೋಕಾಗೋದು?"

ಮೂರನೆಯ ಸಲ ಆಕೆ ತುಟಿ ಅಲ್ಲಾಡಿಸಲಿಲ್ಲ. ಉದ್ದಕ್ಕೊಂದು ಸಾಲು, ಎತ್ತರಕ್ಕೊಂದು ಸಾಲು, ದಪ್ಪಕ್ಕೊಂದು ಸಾಲು; ಯಾವುದನ್ನು ಯಾವುದರಿಂದ ಗುಣಿಸಿದೆ ಎಂದು ಪ್ರತಿಯೊಂದನ್ನೂ ಒತ್ತಿದಳು. ಹತ್ತು ಜನರ ಮುಂದೆ ಟ್ರಂಕು ಬಿಚ್ಚಿ ಬಟ್ಟೆ ಹರಡಿದಷ್ಟು ಸಂಕೋಚವಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ತಟ್ಟನೆ ಹೊಳೆಯಿತು. ಎಲ್ಲಕ್ಕಿಂತ ದೊಡ್ಡ ಪ್ರಶ್ನೆಯಲ್ಲಿ ಗೋಡೆಯ ಅಳತೆಯಿಂದ ಇಟ್ಟಿಗೆ ಬೇಡದ ಕಿಟಕಿಯ ಜಾಗ ಕಳೆದಿದ್ದಳು, ಬಾಗಿಲಿನದು ಕಳೆದಿರಲಿಲ್ಲ!

"ಅಯ್ಯೋ, ಮನೆಗೆ ಬಾಗಿಲೇ ಇಡದೆ ಕಟ್ಟಿ ಬಂದಿದೀನಿ ರೀ!" ಹೊಸಿಲು ದಾಟುತ್ತಲೇ ಗಂಡನಿಗೆ ಹೇಳಿದಳು.

"ಕಿಟಕಿ ಇದೆಯಲ್ಲ, ಹತ್ತಿ ಹೋಗೋಣ," ಎಂದ ಗಂಡ. ಆಕೆಗೆ ನಗು ಬರಲಿಲ್ಲ. ಫಲಿತಾಂಶ ಬರುವ ತನಕ ಊಟ ಸರಿಯಾಗಿ ಸೇರಲಿಲ್ಲ.

ಪಾಸು! ಆ ಪ್ರಶ್ನೆಯ ಪಕ್ಕದಲ್ಲಿ "ಬಾಗಿಲು ಕಳೆದಿಲ್ಲ. ಉಳಿದ ಕ್ರಮ ಸರಿ" ಎಂದಿತ್ತು, ಮುಕ್ಕಾಲುಪಾಲು ಅಂಕವನ್ನೂ ಕೊಟ್ಟಿದ್ದರು. ಮುಖ ನೋಡದ ಯಾರೋ ಒಬ್ಬರು ತನ್ನ ಒಂದೊಂದು ಸಾಲನ್ನೂ ಓದಿದ್ದಾರೆ, ಎಡವಿದ ಜಾಗವನ್ನೂ ಕಂಡಿದ್ದಾರೆ, ಕಂಡೂ ದಾಟಿಸಿದ್ದಾರೆ. ಪಾಸಾದದ್ದಕ್ಕಿಂತ ಅದಕ್ಕೇ ಆಕೆಗೆ ಅಳು ಬಂತು.

ಲೈಸೆನ್ಸು ಕೈಗೆ ಬಂದ ಮೇಲಿನ ಮೊದಲ ಎಸ್ಟಿಮೇಟು. ಎಂಜಿನಿಯರು ಎಂದಿನಂತೆ ಬಂದು, "ಎಷ್ಟಾಯ್ತಕ್ಕಾ?" ಎಂದ.

ಆಕೆ ಬಾಯಿ ತೆರೆದವಳು ಮುಚ್ಚಿಕೊಂಡಳು. ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದು, ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದಳು.

"ಸಹಿ ನಾನೇ ಹಾಕ್ತೀನಿ. ಅದಕ್ಕೆ ಮೊದ್ಲು ಇಲ್ಲಿ ಕೂತು ನೋಡಪ್ಪ, ಎಲ್ಲಾದ್ರೂ ಬಾಗಿಲು ಮರೆತಿದೀನಾ ಅಂತ."