ಹಸಿ ಗೋಡೆಯ ತಾರೀಕು

ರಾಘವಣ್ಣ, ಆ ಗೋಡೆ ಬಿದ್ದದ್ದು ನಿಮ್ಮಿಂದಲ್ಲ. ಅದರ ಮೇಲಿದ್ದ ತಾರೀಕು ಸುಳ್ಳು — ಅದನ್ನು ಬರೆದವನು ನಾನು. ಏಳು ವರ್ಷ ಈ ಮಾತು ಬಾಯಿಂದ ಹೊರಡಲಿಲ್ಲ. ಎದುರು ಕೂತು ಹೇಳುವ ಧೈರ್ಯ ಇಂದಿಗೂ ಇಲ್ಲದೆ ಬರೆಯುತ್ತಿದ್ದೇನೆ.

ಬಿಜೂರಿನ ನಮ್ಮ ಯಾರ್ಡನ್ನು ನೀವು ಮರೆತಿರಲಾರಿರಿ. ಮನೆಯ ಗೋಡೆಗಳನ್ನು ಅಲ್ಲೇ ಅಚ್ಚಿನಲ್ಲಿ ಹೊಯ್ದು, ಕ್ರೇನಿನಿಂದ ಎತ್ತಿ ಲಾರಿಗೆ ಹೇರಿ, ಕಟ್ಟುವ ಜಾಗಕ್ಕೆ ಕಳಿಸುತ್ತಿದ್ದೆವು. ಹೊಯ್ದ ದಿನವನ್ನು ಪ್ರತಿ ಗೋಡೆಯ ಮೂಲೆಯಲ್ಲಿ ಕೆಂಪು ಬಣ್ಣದಿಂದ ಬರೆಯುವುದು ಸೂಪರ್‌ವೈಸರ್ ಆಗಿದ್ದ ನನ್ನ ಕೆಲಸ. ವಾರ ತುಂಬುವ ಮೊದಲು ಯಾವ ಗೋಡೆಯನ್ನೂ ಎತ್ತಬಾರದು; ಎತ್ತಲೆಂದು ಒಳಗೆ ಹುದುಗಿಸಿದ ಕಬ್ಬಿಣದ ಕೊಂಡಿಯನ್ನು ಹಸಿ ಕಾಂಕ್ರೀಟು ಹಿಡಿದುಕೊಳ್ಳುವುದಿಲ್ಲ. ನನ್ನ ಅಕ್ಷರ ಚೆಂದ ಎಂದು ಯಾರ್ಡಿನವರೆಲ್ಲ ಹೊಗಳುತ್ತಿದ್ದರು. ನಾನು ಉಬ್ಬುತ್ತಲೂ ಇದ್ದೆ.

ನೀವು ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಕೆಲಸ ಬಿಟ್ಟು ಬಂದವರು. ಕ್ರೇನಿನ ಸರಪಳಿಯನ್ನು ಗೋಡೆಯ ಕೊಂಡಿಗಳಿಗೆ ತೊಡಿಸುವುದು ನಿಮ್ಮ ಕೆಲಸ. ತೊಡಿಸುವ ಮೊದಲು ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟಿ, ಅಂಗೈ ಇಟ್ಟು ಒಂದು ಗಳಿಗೆ ನಿಲ್ಲುತ್ತಿದ್ದಿರಿ. ದೋಣಿಯ ಹಲಗೆ ಒಣಗಿದೆಯೋ ಎಂದು ನೋಡುವ ಹಳೆಯ ಅಭ್ಯಾಸವಂತೆ. ನಾನು ಗೇಲಿ ಮಾಡುತ್ತಿದ್ದೆ, ನೀವು ನಗುತ್ತಿದ್ದಿರಿ. ಆ ಯಾರ್ಡಿನಲ್ಲಿ ನನ್ನನ್ನು ಮಧ್ಯಾಹ್ನದ ಊಟಕ್ಕೆ ಕರೆಯುತ್ತಿದ್ದವರು ನೀವೊಬ್ಬರೇ. ನಿಮ್ಮ ಬುತ್ತಿಯ ಬಂಗುಡೆ ಮೀನಿನ ಸಾರಿನಲ್ಲಿ ಅರ್ಧ ನನ್ನದಾಗಿತ್ತು.

ಆ ದಿನ ಬ್ರಹ್ಮಾವರದ ಮನೆಯೊಂದಕ್ಕೆ ಕೊನೆಯ ಗೋಡೆ ಹೋಗಬೇಕಿತ್ತು. ಅದಕ್ಕೆಂದು ಇಟ್ಟಿದ್ದ ಗೋಡೆಯ ಮೂಲೆ ಒಡೆದಿತ್ತು — ಅದರ ಕೆಳಗೆ ಆಧಾರಕ್ಕೆ ಮರದ ತುಂಡು ಇಡಿಸಲು ನಾನು ಮರೆತಿದ್ದೆ. ಅದೇ ಅಳತೆಯ ಇನ್ನೊಂದಿತ್ತು. ಹೊಯ್ದು ಮೂರೇ ದಿನವಾಗಿತ್ತು. ಯಾರ್ಡಿನ ಮಾಲೀಕರಿಗೆ ಫೋನು ಮಾಡಿದ್ದರೆ ಬೈದು ಸುಮ್ಮನಾಗುತ್ತಿದ್ದರು. ನನಗೆ ಆ ಬೈಗುಳ ಬೇಡವಾಗಿತ್ತು, ಅಷ್ಟೇ. ಬೇರೆ ಕಾರಣವನ್ನು ಇಷ್ಟು ವರ್ಷ ಹುಡುಕಿದ್ದೇನೆ — ಸಿಕ್ಕಿಲ್ಲ. ಬಣ್ಣ ಕರಗಿಸುವ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ತಾರೀಕು ಒರೆಸಿ ಹಿಂದಿನ ವಾರದ್ದನ್ನು ಬರೆದೆ. ಅಕ್ಷರ ಎಂದಿನಷ್ಟೇ ಚೆಂದ ಬಂತು.

ನೀವು ಬಂದು ಗೋಡೆ ತಟ್ಟಿದಿರಿ, ಅಂಗೈ ಇಟ್ಟಿರಿ. ಬೇಗ ತೆಗೆಯಲಿಲ್ಲ.

“ಹ್ವಾಯ್, ಇದ್ ಹಸಿ ಇತ್ತ್ ಕಾಣಿ.”

“ತಾರೀಕ್ ಬರ್ದದ್ ಇತ್ತಲ್ದಾ ರಾಘವಣ್ಣ. ನಿಮ್ ಕೈ ದೋಣಿಗ್ ಸಮ, ಕಾಂಕ್ರೀಟಿಗಲ್ಲ” ಎಂದೆ.

ನೀವು ಬಗ್ಗಿ ತಾರೀಕು ನೋಡಿದಿರಿ. “ನೀವ್ ಬರ್ದದ್ ಅಂದ್ರೆ ಸಮ ಇರತ್ತ್” ಎಂದು ಸರಪಳಿ ತೊಡಿಸಿದಿರಿ.

ಗೋಡೆ ಆಳೆತ್ತರ ಏರುವಾಗ ಒಂದು ಕೊಂಡಿ ಬುಡಸಮೇತ ಕಿತ್ತು ಬಂತು. ಗೋಡೆಯನ್ನು ಲಾರಿಯ ಕಡೆ ತಿರುಗಿಸಲು ಹಗ್ಗ ಹಿಡಿದು ನಿಂತಿದ್ದ ಸುರೇಶನ ಬಲಗಾಲು ಅದರಡಿಗೆ ಸಿಕ್ಕಿತು — ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ಈಗ ಅವನು ಮನೆಯ ಜಗಲಿಯಲ್ಲಿ ಕೂತು ತೆಂಗಿನ ಗರಿ ಹೆಣೆಯುತ್ತಾನೆ.

ಮಾಲೀಕರು ಕೇಳಿದರು, ಪೊಲೀಸರೂ ಕೇಳಿದರು. “ರಾಘವಣ್ಣ ಸರಪಳಿ ಓರೆ ಕಟ್ಟಿದ್ದರು, ಭಾರವೆಲ್ಲ ಒಂದೇ ಕೊಂಡಿಗೆ ಬಿತ್ತು” ಎಂದೆ. ಎಲ್ಲರೂ ನಂಬಿದರು. ನೀವು ಎದುರಾಡುತ್ತೀರಿ ಎಂದು ಕಾದೆ — ನೀವೂ ನಂಬಿಬಿಟ್ಟಿರಿ. ನಿಮ್ಮನ್ನು ಕೆಲಸದಿಂದ ತೆಗೆದರು, ನೀವು ಹಂಗಾರಕಟ್ಟೆಗೆ ಮರಳಿದಿರಿ. ಬಿದ್ದ ಗೋಡೆಯನ್ನು ನಾನೇ ಒಡೆಸಿ ಯಾರ್ಡಿನ ದಾರಿಗೆ ಹಾಕಿಸಿದೆ. ಕೆಂಪು ಬಣ್ಣದ ತುಂಡನ್ನು ಮಾತ್ರ ಯಾರಿಗೂ ಮುಟ್ಟಲು ಬಿಡದೆ ಮಗುಚಿ ಹೂತೆ. ಈಗ ಅದರ ಮೇಲೆ ಲಾರಿಗಳು ಓಡಾಡುತ್ತವೆ.

ಆಮೇಲೆ ಒಬ್ಬನೇ ಉಂಡೆ. ಬೇರೆಯವರು ಕರೆದರೂ ಹೋಗಲಿಲ್ಲ. ಯಾರಾದರೂ ಪ್ರೀತಿಯಿಂದ ಮಾತಾಡಿಸಿದರೆ ಬಾಯಿ ಬಿಟ್ಟೇನೆಂಬ ಹೆದರಿಕೆ. ಹೆಂಡತಿಯ ಹತ್ತಿರವೂ ನಾಲ್ಕು ಮಾತಾಡಿ ಎದ್ದು ಹೋಗುತ್ತೇನೆ. ನನ್ನವರು ಎನ್ನಲು ಯಾರೂ ಉಳಿದಿಲ್ಲ. ಇದನ್ನು ಶಿಕ್ಷೆ ಎಂದು ಕರೆದುಕೊಳ್ಳುವಷ್ಟು ನಾಚಿಕೆಗೆಟ್ಟಿಲ್ಲ. ಕಾಲು ಹೋದದ್ದು ಸುರೇಶನದು.

ಕಳೆದ ತಿಂಗಳು ಹಂಗಾರಕಟ್ಟೆಗೆ ಬಂದದ್ದು ಇದನ್ನು ಹೇಳಲೆಂದೇ. ದಡದಲ್ಲಿ ಹೊಸ ದೋಣಿಯನ್ನು ನೀರಿಗೆ ಎಳೆಯುತ್ತಿದ್ದರು. ಹಗ್ಗ ಕಟ್ಟಲು ನಿಮ್ಮನ್ನು ಕರೆದರು. ನೀವು ಕೂತಲ್ಲಿಂದ ಏಳಲಿಲ್ಲ. ನನ್ನ ಕೈ ಹಿಡಿದುಕೊಂಡು, “ನನ್ ಕೈಯಿಂದ್ಲೇ ಸುರೇಶನ ಕಾಲ್ ಹೋಯ್ತ್. ಮತ್ತೆ ಹಗ್ಗ ಮುಟ್ಲಿಲ್ಲ ನಾನ್. ನೀವ್ ಮನ್ಸಿಗ್ ಹಚ್ಕಂಬೇಡಿ” ಎಂದಿರಿ.

ನನ್ನನ್ನು ಸಮಾಧಾನ ಮಾಡಿದಿರಿ, ರಾಘವಣ್ಣ. ನಾನು — ನಿಮ್ಮ ಮನೆಯ ಚಹಾ ಕುಡಿದು ಬಸ್ಸು ಹತ್ತಿದೆ.

ಇದನ್ನೇ ಇನ್ನೆರಡು ಸಲ ಬರೆದಿದ್ದೇನೆ. ಒಂದನ್ನು ಸುರೇಶನ ಮನೆಗೆ, ಇನ್ನೊಂದನ್ನು ಪೊಲೀಸ್ ಠಾಣೆಗೆ ನಾಳೆ ನಾನೇ ಕೊಂಡೊಯ್ಯುತ್ತೇನೆ. ನಿಮ್ಮಲ್ಲಿ ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ. ಮುಂದಿನ ಸಲ ದೋಣಿ ಎಳೆಯುವವರು ಕರೆದಾಗ ಮಾತ್ರ ಎದ್ದು ಹೋಗಿ, ಹಗ್ಗ ಕಟ್ಟಿ. ಆ ಗೋಡೆ ಹಸಿಯಾಗಿತ್ತು. ನಿಮ್ಮ ಕೈಗೆ ಅದು ಗೊತ್ತಾಗಿತ್ತು.