ಬೇಲಿಯಾಚೆಯ ಎರಡನೆಯ ಕೂಗು

...ಇಲ್ಲ, ಹರಿದಿದ್ದು ದೊಡ್ಡತ್ತೆಯ ಎಡಗಿವಿಯೇ ಇರಬೇಕು. ಓಲೆಯ ತೂತು ಕೆಳಗಿನವರೆಗೂ ಸೀಳಿ, ಹಾಲೆ ಎರಡಾಗಿ ಜೋತಾಡುತ್ತಿತ್ತು. ಹುಂಜ ಕುಕ್ಕಿ ಕಿತ್ತಿತೆಂದು ಒಮ್ಮೆ, ಎಮ್ಮೆ ತಲೆ ಒದರಿದಾಗ ಕೊಂಬಿಗೆ ಸಿಕ್ಕಿ ಹರಿಯಿತೆಂದು ಇನ್ನೊಮ್ಮೆ ಹೇಳಿದ್ದರು. ಎರಡನ್ನೂ ನಂಬಿದ್ದೆ.

ದೇವಲಾಪುರಕ್ಕೆ ನಾನು ಸೊಸೆಯಾಗಿ ಬಂದದ್ದು ತೊಂಬತ್ತೈದರಲ್ಲೋ ತೊಂಬತ್ತಾರರಲ್ಲೋ. ದೊಡ್ಡತ್ತೆ ಪಕ್ಕದ ಮನೆಯವರು, ಕೋಳಿಗಳೊಡನೆ ಕೋಳಿಯಂತೆಯೇ ಕೊಕ್ಕೊಕ್ ಎನ್ನುತ್ತ ಮಾತಾಡುವವರು. ಆ ವರ್ಷ ಹೊಲ ಉಳುವಾಗ ಗೌಜಲ ಹಕ್ಕಿಯ ಗೂಡು ಸಿಕ್ಕಿತು. ತಾಯಿ ಹಾರಿಹೋಯಿತು. ದೊಡ್ಡತ್ತೆ ಮೊಟ್ಟೆಗಳನ್ನು ಸೆರಗಿನಲ್ಲಿ ತಂದು, ಕಾವಿಗೆ ಕೂತಿದ್ದ ತಮ್ಮ ಕೋಳಿಯ ಅಡಿಗೆ, ಅದರ ಮೊಟ್ಟೆಗಳ ಜೊತೆಗೇ ಸೇರಿಸಿಟ್ಟರು.

ಮರಿಗಳಾದವು. ಆಕಾಶದಲ್ಲಿ ಹದ್ದು ಕಂಡು ಕೋಳಿ ಕೂಗಿದರೆ ಅದರ ಮರಿಗಳು ರೆಕ್ಕೆಯಡಿಗೆ ಓಡುತ್ತಿದ್ದವು. ಗೌಜಲ ಮರಿಗಳು ಮಾತ್ರ ಇದ್ದಲ್ಲೇ ನೆಲಕ್ಕೆ ಅಂಟಿಕೊಳ್ಳುತ್ತಿದ್ದವು.

"ತಾಯಿ ಮಾತೇ ತಿಳೀದಲ್ಲ ಈ ಮುಂಡೇವ್ಕೆ!"

ದೊಡ್ಡತ್ತೆ ತಾವೇ ಕೋಳಿಯಂತೆ ಕೂಗಿ, ಒಂದೊಂದನ್ನೂ ರೆಕ್ಕೆಯಡಿಗೆ ತಳ್ಳಿ ತಳ್ಳಿ ಕಲಿಸಿದರು. ಕಲಿತವು. ಹದ್ದು ನಿಜಕ್ಕೂ ಎರಗಿದ ದಿನ ಅವೂ ಓಡಿದವು. ಅಂಗಳದ ನಡುವೆ ಓಡುತ್ತಿದ್ದ ಒಂದು ಗೌಜಲ ಮರಿಯನ್ನೇ ಅದು ಎತ್ತಿಕೊಂಡು ಹೋಯಿತು.

ಜಗಲಿಯಲ್ಲಿದ್ದ ಅವರ ಗಂಡ, "ಮಣ್ಣಿನ ಬಣ್ಣದವು ಕಣೆ. ಸುಮ್ನೆ ಮಲಗಿದ್ರೆ ಅದ್ಕೆ ಕಾಣ್ತಿತ್ತಾ? ಪಾಠ ಹೇಳಕ್ಕೋದ್ಲು ಇವಳು!" ಎಂದರು.

"ಬುಡು, ಮೂಗಿನ ಮ್ಯಾಗಿರೋ ನೊಣ ಕಾಣಾಕಿಲ್ಲ ನಿಂಗೆ."

ಅಂದರೂ ಸಂಜೆ ದೊಡ್ಡತ್ತೆ ಮುದ್ದೆ ಮುಟ್ಟಲಿಲ್ಲ.

ಉಳಿದ ಗೌಜಲ ಮರಿಗಳು ಬಲಿತು ಕತ್ತಾಳೆ ಬೇಲಿ ಸೇರಿದವು. ಆಮೇಲೆ ಬೆಳಿಗ್ಗೆ ಬೆಳಿಗ್ಗೆ ಅಲ್ಲಿಂದ ಒಂದೇ ಒಂದು ಕೂಗು. ದೊಡ್ಡತ್ತೆ ಒಲೆ ಊದುವುದನ್ನು ನಿಲ್ಲಿಸಿ ಆ ಹರಿದ ಕಿವಿಯನ್ನು ಅತ್ತ ತಿರುಗಿಸುತ್ತಿದ್ದರು.

"ಒಬ್ನೇ ಕೂಗ್ತಾವ್ನೆ ಕಣವ್ವ, ಯಾರೂ ಓಗೊಡ್ತಿಲ್ಲ. ಕೋಳಿ ಮಾತು ಕಲ್ಸಿ ಕೆಡಿಸ್ಬುಟ್ನಾ? ಎಣ್ಣು ಅತ್ರಕ್ಕೆ ಬರ್ದಂಗೆ ಮಾಡ್ಬುಟ್ನಾ?"

ಮುಂದಿನ ಬೇಸಿಗೆಗೆ ಹಾಸಿಗೆ ಹಿಡಿದರು. ಕಿವಿಯೂ ಮಂದವಾಯಿತು. "ಯಾರಾರ ಓ ಅಂದ್ರಾ?" ಎಂದು ದಿನವೂ ನನ್ನನ್ನು ಕೇಳುತ್ತಿದ್ದರು. ಒಂದು ಬೆಳಿಗ್ಗೆ, "ಎರಡು ಕೂಗ್ತಾವೆ ಅತ್ತೆ" ಎಂದೆ.

"ಎಣ್ಣಾ?"

"ಹೂಂ."

ಕಣ್ಣು ಮುಚ್ಚಿ ನಕ್ಕರು. ಆ ವಾರವೇ ತೀರಿಕೊಂಡರು.

ಎರಡನೆಯ ಕೂಗು ನನಗೆ ಕೇಳಿಸಿತ್ತೇ? ಕೆರೆ ಏರಿಗೆ ಬಡಿದು ಮರಳಿದ ಅದೇ ಕೂಗೇ? ಅಥವಾ ಅವರ ಮುಖ ನೋಡಿ ನನ್ನ ಬಾಯಿಗೆ ಬಂತೇ? ನೆನೆದಷ್ಟೂ ಕಲಸಿಹೋಗುತ್ತದೆ. ಬೇಲಿಯಲ್ಲಿ ಕೂಗುತ್ತಿದ್ದುದು ಅವರು ಸಾಕಿದ ಮರಿಯೋ, ಬೇರೆ ಯಾವುದೋ ಎಂಬುದೇ ನನಗೆ ಗೊತ್ತಿಲ್ಲ.